ಗ್ಯಾಲರಿ ಆಮೇಲೆ, ಮೊದಲು ಮೂಲೆ ಅಳೆಯಿರಿ

ಕಲಬುರಗಿಗೂ ಒಂದು ವೃತ್ತಿಪರ ಫುಟ್‌ಬಾಲ್ ತಂಡ ಬೇಕು ಎಂಬ ಮಾತು ಎದ್ದಾಗಲೆಲ್ಲ ಮೊದಲ ಪ್ರಶ್ನೆ ಒಂದೇ: ಸ್ಟೇಡಿಯಂನಲ್ಲಿ ಎಷ್ಟು ಸಾವಿರ ಜನ ಕೂರುತ್ತಾರೆ? ಎಸ್ಟಿಮೇಟ್ ಕೂಡ ಅಲ್ಲಿಂದಲೇ ಶುರು. ಗ್ಯಾಲರಿ, ಅದರ ಮೇಲೆ ಶೀಟು, ರಸ್ತೆಗೆ ಮುಖ ಮಾಡಿದ ಕಮಾನು, ಕಾಂಪೌಂಡ್ ಗೋಡೆ. ಆಟದ ನೆಲಕ್ಕೆ ಉಳಿಯುವುದು ಕೊನೆಯ ಸಾಲಿನ ‘ಲೆವೆಲಿಂಗ್ ಮತ್ತು ಹುಲ್ಲು’ ಮಾತ್ರ. ಹೊಸ ತಂಡದ ಗ್ರೌಂಡ್ ಪರಿಶೀಲಿಸುವವರ ಪಟ್ಟಿ ಇದಕ್ಕೆ ತಿರುಗಾಮುರುಗಾ. ಅವರು ಮೊದಲು ಕೇಳುವುದು ನೆಲ, ನೆಲದ ಸುತ್ತಲಿನ ಖಾಲಿ ಜಾಗ, ನೀರು ಹೋಗುವ ದಾರಿ, ಜನ ಹೋಗುವ ದಾರಿ, ಬೆಳಕು, ನಾಲ್ಕೈದು ಕೋಣೆ, ಒಂದು ಕರಾರು ಪತ್ರ. ಸೀಟಿನ ಲೆಕ್ಕ ಇವುಗಳ ಜೊತೆಗೆ ಒಂದು ಸಾಲು, ಅಷ್ಟೆ.

ಸೀಟಿನ ಸಂಖ್ಯೆ ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದ ಫುಟ್‌ಬಾಲ್ ಒಕ್ಕೂಟ ಮೊದಲ ದರ್ಜೆಯ ಲೀಗ್‌ಗೆ 15,000, ಎರಡನೆಯದಕ್ಕೆ 5,000, ಮೂರನೆಯದಕ್ಕೆ 1,000 ಆಸನ ಎಂದು ಗೆರೆ ಎಳೆದಿದೆ. ಜಪಾನಿನ ಮೊದಲ ದರ್ಜೆಯ ಲೀಗ್ ಜೆ1ಕ್ಕೆ 15,000, ಎರಡನೆಯದಾದ ಜೆ2ಕ್ಕೆ 10,000 ಎಂಬ ಅಳತೆ ಬಹುಕಾಲ ನಡೆದುಬಂದಿದೆ. ಮೈದಾನದಲ್ಲಿ ಗೆದ್ದು ಕಾಗದದಲ್ಲಿ ಸೋತವರೂ ಇದ್ದಾರೆ. ಇಂಗ್ಲೆಂಡಿನ ಕಿಡರ್‌ಮಿನ್‌ಸ್ಟರ್ ಹ್ಯಾರಿಯರ್ಸ್ 1994ರಲ್ಲಿ ತನ್ನ ಲೀಗ್ ಗೆದ್ದರೂ ಗ್ರೌಂಡ್ ಸರಿಯಿಲ್ಲವೆಂದು ಮೇಲಿನ ದರ್ಜೆಗೆ ಬಡ್ತಿ ಸಿಗಲಿಲ್ಲ. ಮುಂದಿನ ಎರಡು ವರ್ಷ ಮ್ಯಾಕಲ್ಸ್‌ಫೀಲ್ಡ್ ಮತ್ತು ಸ್ಟೀವನೇಜ್‌ಗೂ ಅದೇ ಗತಿ. ಜಪಾನಿನ ಗಿರವಾನ್ಜ್ ಕಿಟಕ್ಯೂಶು 2014ರಲ್ಲಿ ಜೆ2ರಲ್ಲಿ ಐದನೇ ಸ್ಥಾನಕ್ಕೆ ಬಂದು ಬಡ್ತಿಯ ಪ್ಲೇಆಫ್ ಆಡುವ ಸ್ಥಿತಿಯಲ್ಲಿತ್ತು. ಜೆ1ಕ್ಕೆ ಒಪ್ಪುವ ಸ್ಟೇಡಿಯಂ ಇಲ್ಲದ್ದರಿಂದ ಆಡಲು ಬಿಡಲಿಲ್ಲ. ನಮ್ಮಲ್ಲೇ ನೋಡಿ, ವಾರಾಣಸಿಯ ಹೆಸರಿನಲ್ಲಿ 2023ರಲ್ಲಿ ಐ-ಲೀಗ್‌ಗೆ (ಆಗ ದೇಶದ ಎರಡನೇ ದರ್ಜೆಯ ಲೀಗ್) ಬಂದ ಇಂಟರ್ ಕಾಶಿ ತನ್ನ ‘ತವರಿನ’ ಪಂದ್ಯ ಆಡಿದ್ದು ಪಶ್ಚಿಮ ಬಂಗಾಳದ ಕಲ್ಯಾಣಿಯಲ್ಲಿ.

ಭಾರತದಲ್ಲಿ ಇದೆಲ್ಲ ಕ್ಲಬ್ ಲೈಸೆನ್ಸಿಂಗ್ ಎಂಬ ಪದ್ಧತಿಯೊಳಗೆ ಬರುತ್ತದೆ. ಏಷ್ಯಾ ಒಕ್ಕೂಟದ ಮಾದರಿಯಲ್ಲಿ ಐದು ವಿಭಾಗ: ಕ್ರೀಡೆ, ಮೂಲಸೌಕರ್ಯ, ಸಿಬ್ಬಂದಿ ಮತ್ತು ಆಡಳಿತ, ಕಾನೂನು, ಹಣಕಾಸು. ಪ್ರತಿ ನಿಯಮಕ್ಕೂ ಎ, ಬಿ, ಸಿ ಎಂಬ ದರ್ಜೆ ಇರುತ್ತದೆ. ಎ ತಪ್ಪಿದರೆ ಲೈಸೆನ್ಸ್ ಇಲ್ಲ. ಬಿ ಕೂಡ ಕಡ್ಡಾಯವೇ, ಆದರೆ ತಪ್ಪಿದರೆ ದಂಡ ಅಥವಾ ಬೇರೆ ಕ್ರಮದೊಂದಿಗೆ ಲೈಸೆನ್ಸ್ ಸಿಗಬಹುದು. ಸಿ ಇದ್ದರೆ ಒಳ್ಳೆಯದು. ಆದ್ದರಿಂದ ನಿಯಮಾವಳಿ ಕೈಗೆ ಬಂದ ದಿನವೇ ಮೂಲಸೌಕರ್ಯದ ಪುಟಗಳಲ್ಲಿ ಎ ಇರುವ ಸಾಲುಗಳಿಗೆಲ್ಲ ಕೆಂಪು ಗೆರೆ ಎಳೆದು ಎಸ್ಟಿಮೇಟ್ ಮಾಡುವ ಎಂಜಿನಿಯರ್ ಕೈಗೆ ಕೊಡಿ. ಸಿ ದರ್ಜೆಯ ವಿಐಪಿ ಬಾಕ್ಸ್‌ಗೆ ಹಣ ಸುರಿದು, ಎ ದರ್ಜೆಯ ವೈದ್ಯಕೀಯ ಕೋಣೆ ಮರೆತರೆ ಕಟ್ಟಿದ್ದೆಲ್ಲ ವ್ಯರ್ಥ.

ಓಟದ ಟ್ರ್ಯಾಕಿನೊಳಗೆ ಫುಟ್‌ಬಾಲ್

ಕಲಬುರಗಿಯ ಚಂದ್ರಶೇಖರ ಪಾಟೀಲ ಕ್ರೀಡಾಂಗಣವಾಗಲಿ, ಬೀದರ್‌ನ ನೆಹರು ಕ್ರೀಡಾಂಗಣವಾಗಲಿ ಫುಟ್‌ಬಾಲ್‌ಗೆಂದೇ ಕಟ್ಟಿದ್ದಲ್ಲ. ಜಿಲ್ಲಾ ಕ್ರೀಡಾಂಗಣ ಅಂದರೆ ಎಲ್ಲ ಆಟಕ್ಕೂ ಒಂದೇ ಅಂಗಳ. ಇಂಥ ಕಡೆ 400 ಮೀಟರ್ ಟ್ರ್ಯಾಕಿನ ಒಳಗೆ ಫುಟ್‌ಬಾಲ್ ಕೂರಿಸಬೇಕಾಗುತ್ತದೆ. ಕೂರುತ್ತದೆಯೇ?

ಇಂದಿನ ಮಾನಕ ಟ್ರ್ಯಾಕಿನ ನೇರ ಭಾಗ 84.39 ಮೀಟರ್, ತಿರುವಿನ ತ್ರಿಜ್ಯ 36.50 ಮೀಟರ್. ಒಳಗಿನ ಅಗಲ 73 ಮೀಟರ್. ಲೀಗ್‌ಗಳು ಬಯಸುವ ಪಿಚ್ 105 ಮೀಟರ್ ಉದ್ದ, 68 ಅಗಲ. ಅಗಲದ ಲೆಕ್ಕ ಸುಲಭ: ಟಚ್‌ಲೈನ್‌ನಿಂದ, ಅಂದರೆ ಪಿಚ್‌ನ ಉದ್ದದ ಅಂಚುಗೆರೆಯಿಂದ, ಟ್ರ್ಯಾಕಿನ ಒಳ ಅಂಚಿಗೆ ಎರಡೂ ಕಡೆ ಎರಡೂವರೆ ಮೀಟರ್ ಉಳಿಯುತ್ತದೆ. ತೊಂದರೆ ಇರುವುದು ಮೂಲೆಯಲ್ಲಿ. ಪಿಚ್‌ನ ಅರ್ಧ ಉದ್ದ 52.5, ನೇರ ಭಾಗದ ಅರ್ಧ 42.195, ಅಂದರೆ ಮೂಲೆ ತಿರುವಿನೊಳಕ್ಕೆ 10.3 ಮೀಟರ್ ಚಾಚಿಕೊಂಡಿರುತ್ತದೆ. ತಿರುವಿನ ಕೇಂದ್ರದಿಂದ ಆ ಮೂಲೆಗೆ ದೂರ 10.3 ಮತ್ತು 34ರ ವರ್ಗಗಳ ಮೊತ್ತದ ವರ್ಗಮೂಲ, ಅಂದರೆ 35.53 ಮೀಟರ್. ತ್ರಿಜ್ಯ 36.50. ಉಳಿದದ್ದು 97 ಸೆಂಟಿಮೀಟರ್.

ಕಾರ್ನರ್ ಫ್ಲ್ಯಾಗ್‌ನಿಂದ ಒಂದು ಮೀಟರೂ ಇಲ್ಲದ ಜಾಗದಲ್ಲಿ ಟ್ರ್ಯಾಕಿನ ಒಳ ಅಂಚಿನ ಅಲ್ಯೂಮಿನಿಯಂ ಪಟ್ಟಿ (ಕರ್ಬ್) ಅಥವಾ, ಹಳೆಯ ಗ್ರೌಂಡ್‌ಗಳಲ್ಲಿ, ಸಿಮೆಂಟಿನ ಅಂಚುಕಲ್ಲು. ವಿಂಗರ್ ಪೂರ್ತಿ ವೇಗದಲ್ಲಿ ಬಂದು ಕ್ರಾಸ್ ಹೊಡೆದ ಮೇಲೆ ನಿಲ್ಲಲು ನಾಲ್ಕೈದು ಹೆಜ್ಜೆ ಬೇಕು. ಎರಡನೇ ಹೆಜ್ಜೆಗೇ ಪಾದ ಕರ್ಬ್‌ಗೆ ಬಡಿಯುತ್ತದೆ. ಜಾಹೀರಾತು ಬೋರ್ಡ್‌ಗಳಿಗೆ ದೊಡ್ಡ ಟೂರ್ನಿಗಳು ಬಳಸುವ ಅಂತರವನ್ನು ಇದರ ಪಕ್ಕದಲ್ಲಿಟ್ಟು ನೋಡಿ: ಟಚ್‌ಲೈನ್‌ನಿಂದ 4 ಮೀಟರ್, ಗೋಲಿನ ಹಿಂದೆ 5 ಮೀಟರ್, ಮೂಲೆಯ ಹತ್ತಿರ 3 ಮೀಟರ್. ಆ 3 ಮೀಟರ್ ನಮ್ಮ ಲೆಕ್ಕದಲ್ಲಿ ಟ್ರ್ಯಾಕಿನ ಎರಡನೇ ಲೇನ್‌ವರೆಗೆ ಹೋಗಿಬಿಡುತ್ತದೆ.

ಪರಿಹಾರ ಮೂರು ಬಗೆ. ನಾಲ್ಕೂ ಮೂಲೆಗಳಲ್ಲಿ ಕರ್ಬನ್ನು ಕಳಚಿಡುವಂತೆ ತುಂಡುತುಂಡಾಗಿ ಕೂರಿಸಿ, ಪಂದ್ಯದ ದಿನ ತೆಗೆದು, ಟ್ರ್ಯಾಕಿನ ಮೇಲೆ ಕೃತಕ ಹುಲ್ಲಿನ ಹಾಸು ಹಾಸುವುದು ಒಂದು. ಹಾಸು ಮತ್ತು ಹುಲ್ಲುನೆಲದ ಮಟ್ಟ ಒಂದೇ ಇರಬೇಕು. ಹಾಸಿನ ಅಂಚು ಎದ್ದು ನಿಂತರೆ ಕರ್ಬ್ ಇದ್ದದ್ದೇ ವಾಸಿ. ಎರಡನೆಯದು ಪಿಚ್ ಚಿಕ್ಕದು ಮಾಡುವುದು. ಅಂತಾರಾಷ್ಟ್ರೀಯ ಪಂದ್ಯಕ್ಕೂ ನಿಯಮ ಒಪ್ಪುವ ಕನಿಷ್ಠ ಅಳತೆ 100 ಗುಣಿಸು 64. ಅಷ್ಟಕ್ಕೆ ಇಳಿಸಿದರೆ ಮೂಲೆಯ ಅಂತರ ಮೂರೂವರೆ ಮೀಟರ್ ಆಗುತ್ತದೆ, ಆದರೆ 105 ಗುಣಿಸು 68 ಎಂದು ಬರೆದಿರುವ ಲೀಗ್ ಅದನ್ನು ಒಪ್ಪಲಾರದು. ಉದ್ದ ಮಾತ್ರ 100ಕ್ಕೆ ಇಳಿಸಿ ಅಗಲ 68 ಉಳಿಸಿಕೊಂಡರೆ ಸಿಗುವುದು 1.6 ಮೀಟರ್, ಅದರಿಂದ ದೊಡ್ಡ ಲಾಭವಿಲ್ಲ. ಮೂರನೆಯದು, ಹೊಸದಾಗಿ ಜಾಗ ಸಿಗುವುದಾದರೆ ಟ್ರ್ಯಾಕ್ ಬಿಟ್ಟುಬಿಡುವುದು. ಯಾದಗಿರಿಯಂಥ ಜಿಲ್ಲೆಯಲ್ಲಿ ಊರ ಹೊರಗೆ ಹತ್ತು ಎಕರೆ ಸಿಗುವ ಸಂಭವ ಇನ್ನೂ ಇರುವಾಗ ಎರಡನ್ನೂ ಒಂದರಲ್ಲೇ ತುರುಕುವ ಹಟ ಯಾಕೆ? ಬೆಂಗಳೂರಿನ ಕಂಠೀರವದಲ್ಲಿ ಅಥ್ಲೀಟ್‌ಗಳಿಗೂ ಫುಟ್‌ಬಾಲ್‌ನವರಿಗೂ ನಡೆದ ಜಗ್ಗಾಟ ಎಲ್ಲರಿಗೂ ಗೊತ್ತಿದೆ.

ಗೋಲಿನ ಹಿಂದೆ ಜಾಗಕ್ಕೆ ಕೊರತೆಯಿಲ್ಲ, ಟ್ರ್ಯಾಕಿನವರೆಗೆ 26 ಮೀಟರ್ ಇರುತ್ತದೆ. ಅಲ್ಲಿನ ಅಪಾಯ ಬೇರೆ. ಡಿಸ್ಕಸ್ ಎಸೆತದ ಕಾಂಕ್ರೀಟ್ ವೃತ್ತ, ಎತ್ತರ ಜಿಗಿತದ ಗಟ್ಟಿ ನೆಲ, ಉದ್ದ ಜಿಗಿತದ ಮರಳು ಗುಂಡಿ ಗೋಲ್‌ಲೈನ್‌ಗೆ ಹತ್ತಿರ ಬಂದಿವೆಯೇ ಎಂದು ನೋಡಿ. ಇನ್ನು ಹಳೆಯ ಮಣ್ಣಿನ ಟ್ರ್ಯಾಕ್‌ಗಳ ತಿರುವು ಮೇಲೆ ಹೇಳಿದ ಅಳತೆಯಲ್ಲೇ ಇರುತ್ತದೆಂದು ನಂಬಬೇಡಿ. ಖುದ್ದಾಗಿ ಅಳೆದ ಮೇಲೆಯೇ ನಕ್ಷೆ ಬರೆಸಿ.

ಗೆರೆ ಹಾಕುವಾಗಿನ ಕೆಲವು ಮಾತು. ಬಟ್ಟೆ ಟೇಪು ಎಳೆದಷ್ಟೂ ಹಿಗ್ಗುತ್ತದೆ. ಸ್ಟೀಲ್ ಟೇಪ್ ಬಳಸಿ. ಮೂಲೆಗಳು ಮೂಲೆಮಟ್ಟಕ್ಕೆ ಇವೆಯೇ ಎಂದು ತಿಳಿಯಲು ಎರಡೂ ಕರ್ಣ ಅಳೆಯಿರಿ, 105 ಗುಣಿಸು 68ಕ್ಕೆ ಎರಡೂ 125.10 ಮೀಟರ್ ಬರಬೇಕು. ಗೆರೆಯ ಅಗಲ 12 ಸೆಂಟಿಮೀಟರ್ ಮೀರಬಾರದು, ಗೋಲ್‌ಲೈನ್ ಗೋಲ್‌ಪೋಸ್ಟಿನಷ್ಟೇ ದಪ್ಪ ಇರಬೇಕು. ನಮ್ಮ ಕಡೆ ಸುಟ್ಟ ಸುಣ್ಣ ಚೆಲ್ಲುವ ರೂಢಿ ಇದೆ. ಅದು ಹುಲ್ಲನ್ನು ಸುಡುತ್ತದೆ, ಬಿದ್ದ ಆಟಗಾರನ ಕಣ್ಣಿಗೆ ಹೋದರೆ ಕಣ್ಣನ್ನೂ ಸುಡುತ್ತದೆ. ನೀರಿನಲ್ಲಿ ಕಲೆಸುವ ಪೇಂಟ್ ಅಥವಾ ಚಾಕ್ ಪುಡಿ ಸಾಕು.

ಗೋಲು ಒಳಅಳತೆಯಲ್ಲಿ 7.32 ಮೀಟರ್ ಅಗಲ, ನೆಲದಿಂದ ಅಡ್ಡಪಟ್ಟಿಯ ಕೆಳ ಅಂಚಿಗೆ 2.44 ಎತ್ತರ. ಕಂಬ ನೆಟ್ಟ ದಿನ ಸರಿಯಿದ್ದದ್ದು ಎರಡು ತಿಂಗಳಿಗೆ ತಪ್ಪುವುದುಂಟು. ಕಾರಣ ಕಂಬವಲ್ಲ, ನೆಲ. ಗೋಲ್‌ಕೀಪರ್ ನಿಂತು ನಿಂತು ಮಧ್ಯದಲ್ಲಿ ತಗ್ಗು ಬೀಳುತ್ತದೆ, ಅಲ್ಲಿ ಅಳೆದರೆ 2.48, 2.50 ತೋರುತ್ತದೆ. ತಗ್ಗು ತುಂಬಿ ಹುಲ್ಲು ಕೂರಿಸಬೇಕೇ ಹೊರತು ಅಡ್ಡಪಟ್ಟಿ ಇಳಿಸುವುದಲ್ಲ. ನೆಟ್ ಸಿಕ್ಕಿಸಲು ವೆಲ್ಡಿಂಗ್ ಮಾಡಿದ ಕಬ್ಬಿಣದ ಕೊಕ್ಕೆ ಇದ್ದರೆ ಕತ್ತರಿಸಿ ಹಾಕಿ. ಜಿಗಿದ ಕೀಪರ್‌ನ ಬೆರಳು, ಉಂಗುರ ಅದರಲ್ಲೇ ಸಿಕ್ಕಿಕೊಳ್ಳುವುದು. ಪ್ಲಾಸ್ಟಿಕ್ ಕ್ಲಿಪ್ ಇಲ್ಲವೇ ವೆಲ್ಕ್ರೋ ಪಟ್ಟಿ ಸಾಕು.

ಎರೆ ಭೂಮಿಯ ಮೇಲೆ ಪಿಚ್

ಕಲಬುರಗಿಯ ಎರೆ ಮಣ್ಣು ತೊಗರಿಗೆ ಹೇಳಿ ಮಾಡಿಸಿದ್ದು, ಫುಟ್‌ಬಾಲ್‌ಗೆ ಅಲ್ಲ. ಮಳೆ ಬಿದ್ದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ಅದರ ಮೇಲೆ ನೇರವಾಗಿ ನಾಲ್ಕಿಂಚು ಕೆಂಪು ಮಣ್ಣು ಹರಡಿ ಹುಲ್ಲು ಹಾಕಿದರೆ ಮೊದಲ ಮಳೆಗಾಲ ಚೆಂದ ಕಾಣುತ್ತದೆ. ಮುಂದಿನ ಮಾರ್ಚ್‌ಗೆ ಕೆಳಗಿನ ಬಿರುಕು ಮೇಲೆ ಬರುತ್ತದೆ, ಅದರೊಳಗೆ ಆಟಗಾರನ ಕಾಲು ಹೋಗುತ್ತದೆ.

ಸರಿಯಾದ ಕ್ರಮದಲ್ಲಿ ಎರೆಯನ್ನು ಆಳಕ್ಕೆ ತೆಗೆದು, ಮುರುಮ್ ಅನ್ನು 15 ಸೆಂಟಿಮೀಟರಿನ ಪದರಗಳಲ್ಲಿ ಹಾಕಿ, ಪ್ರತಿ ಪದರಕ್ಕೂ ನೀರು ಹಾಕಿ ರೋಲರ್ ಹೊಡೆಯಬೇಕು. ಎಷ್ಟು ಆಳ ಎಂಬುದನ್ನು ಮಣ್ಣು ಪರೀಕ್ಷೆ ಹೇಳಬೇಕು, ಗುತ್ತಿಗೆದಾರ ಅಲ್ಲ. ಅದರ ಮೇಲೆ ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ, ಜಲ್ಲಿ 10 ಸೆಂಟಿಮೀಟರ್, ಮೇಲೆ ಮರಳಿನ ಬೇರುಪದರ 30 ಸೆಂಟಿಮೀಟರ್. ಬಟ್ಟೆ ಮುರುಮ್ ಮತ್ತು ಜಲ್ಲಿಯ ನಡುವೆ ಮಾತ್ರ. ‘ಇನ್ನೊಂದು ಪದರ ಇರಲಿ’ ಎಂದು ಮರಳು ಮತ್ತು ಜಲ್ಲಿಯ ನಡುವೆಯೂ ಹಾಕಿದರೆ ಸಣ್ಣ ಧೂಳು ಬಟ್ಟೆಯ ಕಣ್ಣುಗಳಲ್ಲಿ ಕೂತು, ನೀರು ಇಳಿಯುವುದೇ ನಿಲ್ಲುತ್ತದೆ.

ಪ್ರಮಾಣ ಹೇಳಿದರೆ ಖರ್ಚಿನ ಅಂದಾಜು ಸಿಗುತ್ತದೆ. ಹುಲ್ಲಿನ ಒಟ್ಟು ಜಾಗ 125 ಗುಣಿಸು 85 ಇಟ್ಟುಕೊಂಡರೆ 10,625 ಚದರ ಮೀಟರ್. ಮರಳು ಸುಮಾರು 3,190 ಘನ ಮೀಟರ್, ನಮ್ಮ ಲೆಕ್ಕದಲ್ಲಿ 1,125 ಬ್ರಾಸ್ (ಬ್ರಾಸ್ ಅಂದರೆ ನೂರು ಘನ ಅಡಿ) ಹತ್ತಿರ. ಜಲ್ಲಿ 1,060 ಘನ ಮೀಟರ್. ನೀರು ಹೊರಗೆ ಒಯ್ಯುವ ತೂತಿನ ಪೈಪನ್ನು ಐದು ಮೀಟರಿಗೊಂದು ಸಾಲಿನಂತೆ ಹಾಕಿದರೆ ಎರಡು ಕಿಲೋಮೀಟರಿಗೂ ಹೆಚ್ಚು ಪೈಪು ಬೇಕು.

ಭೀಮಾ ಮರಳು ಕಾನೂನುಬದ್ಧವಾಗಿ ಅಷ್ಟು ಪ್ರಮಾಣದಲ್ಲಿ ಸಿಗುವುದು ಸುಲಭವಲ್ಲ, ಆದ್ದರಿಂದ ಕಲ್ಲು ಪುಡಿ ಮಾಡಿ ತಯಾರಿಸುವ ಎಂ-ಸ್ಯಾಂಡ್ ಮಾತು ಬಂದೇ ಬರುತ್ತದೆ. ಅದರಲ್ಲಿರುವ ಕಲ್ಲಿನ ಹಿಟ್ಟೇ ಶತ್ರು. ಬೇರುಪದರದ ಮರಳಿನಲ್ಲಿ ಶೇ 60ಕ್ಕಿಂತ ಹೆಚ್ಚು ಕಣ ಕಾಲು ಮಿಲಿಮೀಟರ್‌ನಿಂದ ಒಂದು ಮಿಲಿಮೀಟರ್ ಒಳಗೆ ಇರಬೇಕು. 0.15 ಮಿಲಿಮೀಟರ್‌ಗಿಂತ ಸಣ್ಣದು, ಹೂಳು ಜೇಡಿ ಎಲ್ಲ ಸೇರಿ, ಶೇ 10 ದಾಟಬಾರದು. ಗಂಟೆಗೆ ಕನಿಷ್ಠ 150 ಮಿಲಿಮೀಟರ್ ನೀರು ಇಳಿಯಬೇಕು. ತೊಳೆಯದ ಎಂ-ಸ್ಯಾಂಡ್ ಈ ಪರೀಕ್ಷೆಯಲ್ಲಿ ನಪಾಸಾಗುವುದೇ ಹೆಚ್ಚು. ಟಿಪ್ಪರ್ ಬಂದಾಗಲೇ ಗಾಜಿನ ಜಾಡಿಯಲ್ಲಿ ಒಂದು ಹಿಡಿ ಮರಳು, ನೀರು, ಚಿಟಿಕೆ ಉಪ್ಪು ಹಾಕಿ ಕುಲುಕಿ ಮೂರು ಗಂಟೆ ಬಿಡಿ. ಮೇಲೆ ಕೂತ ಕೆನೆಯಂಥ ಪದರ ದಪ್ಪವಿದ್ದರೆ ಆ ಗಾಡಿಯನ್ನು ಅಲ್ಲಿಂದಲೇ ತಿರುಗಿಸಿ. ಇದು ಸ್ಥಳದ ಪರೀಕ್ಷೆ ಮಾತ್ರ, ಜರಡಿ ಪರೀಕ್ಷೆಗೆ ಲ್ಯಾಬೇ ಬೇಕು.

ಬೀದರ್‌ನ ಜಂಬಿಟ್ಟಿಗೆ ನೆಲ ಈ ವಿಷಯದಲ್ಲಿ ಪುಣ್ಯವಂತ ನೆಲ. ಉಬ್ಬುವ ಕಾಟವಿಲ್ಲ, ನೀರು ಇಳಿಯುತ್ತದೆ. ಅಗೆಯುವ ಖರ್ಚು ಮಾತ್ರ ಜಾಸ್ತಿ.

ಎಲ್ಲಕ್ಕಿಂತ ಹೆಚ್ಚು ಕಡೆ ಎಡವುವುದು ನೀರು ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂಬಲ್ಲಿ. ನೆಲದ ಇಳಿಜಾರು ಶೇ ಅರ್ಧ ಅಂದರೆ ಗೋಲಿನಿಂದ ಗೋಲಿಗೆ ಹೋಗುವ ನಡುಸಾಲು ಟಚ್‌ಲೈನ್‌ಗಿಂತ 17 ಸೆಂಟಿಮೀಟರ್ ಎತ್ತರ, ಕಣ್ಣಿಗೆ ಕಾಣುವುದೇ ಇಲ್ಲ. ಕೆಳಗೆ ಪೈಪು ಕೂಡ ಅದೇ ಇಳಿಜಾರಿನಲ್ಲಿ 85 ಮೀಟರ್ ಸಾಗಿದರೆ ಕೊನೆಯಲ್ಲಿ ನೆಲಮಟ್ಟಕ್ಕಿಂತ ಸುಮಾರು ಒಂದು ಮೀಟರ್ ಆಳಕ್ಕೆ ಬಂದಿರುತ್ತದೆ. ಹೊರಗಿನ ನಗರಪಾಲಿಕೆಯ ಚರಂಡಿ ಅದಕ್ಕಿಂತ ಮೇಲಿದ್ದರೆ? ಮಳೆ ಬಂದಾಗ ಚರಂಡಿಯ ನೀರೇ ಪೈಪಿನಲ್ಲಿ ಹಿಂದಕ್ಕೆ ಬಂದು ಪಿಚ್ ತುಂಬುತ್ತದೆ. 50 ಮಿಲಿಮೀಟರ್ ಮಳೆ ಅಂದರೆ ಹುಲ್ಲಿನ ಮೇಲೆ ಬಿದ್ದದ್ದೇ ಐದು ಲಕ್ಷ ಲೀಟರ್ ದಾಟುತ್ತದೆ. ಆದ್ದರಿಂದ ಮೊದಲು ಹೊರಚರಂಡಿಯ ತಳದ ಮಟ್ಟ ತೆಗೆದು, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ ಪಿಚ್‌ನ ಮಟ್ಟ ನಿಗದಿ ಮಾಡಿ. ಮಟ್ಟ ಸಿಗದಿದ್ದರೆ ಸಂಪ್ ಕಟ್ಟಿ ಪಂಪ್ ಇಡಿ. ಸಂಪಿನಲ್ಲಿ ನಿಂತದ್ದನ್ನು ಬೇಸಿಗೆಯಲ್ಲಿ ಹುಲ್ಲಿಗೇ ಬಿಡಬಹುದು.

ಬೇಸಿಗೆ ನೀರಿನ ಲೆಕ್ಕ ಇನ್ನೂ ಖಡಕ್ಕು. 10,625 ಚದರ ಮೀಟರಿಗೆ ಒಂದು ಮಿಲಿಮೀಟರ್ ನೀರೆಂದರೆ 10,625 ಲೀಟರ್. ಏಪ್ರಿಲ್‌ನಲ್ಲಿ ದಿನಕ್ಕೆ ಐದು ಮಿಲಿಮೀಟರ್ ಹಿಡಿದರೂ 53,000 ಲೀಟರ್, ಅಂದರೆ 5,000 ಲೀಟರ್‌ನ ಹನ್ನೊಂದು ಟ್ಯಾಂಕರ್. ಊರಿಗೆ ಕುಡಿಯುವ ನೀರು ನಾಲ್ಕೈದು ದಿನಕ್ಕೊಮ್ಮೆ ಬರುವ ಬಡಾವಣೆಗಳ ನಡುವೆ ಇದನ್ನು ಹುಲ್ಲಿಗೆ ಹಾಯಿಸುತ್ತೇವೆ ಅಂದರೆ ಜನ ಕೇಳುತ್ತಾರೆ, ಕೇಳಬೇಕು ಕೂಡ. ಚೆನ್ನಾಗಿ ಶುದ್ಧೀಕರಿಸಿದ ಎಸ್‌ಟಿಪಿ (ಕೊಳಚೆ ಶುದ್ಧೀಕರಣ ಘಟಕ) ನೀರೇ ಇಲ್ಲಿ ನ್ಯಾಯವಾದ ದಾರಿ. ಬೋರಿನ ಗಡಸು ನೀರನ್ನೇ ನಂಬಿದರೆ ವರ್ಷದೊಳಗೆ ಮರಳಿನಲ್ಲಿ ಉಪ್ಪು ಕೂತು ಹುಲ್ಲು ಅಲ್ಲಲ್ಲಿ ಹಳದಿಯಾಗುತ್ತದೆ. ವರ್ಷಕ್ಕೊಮ್ಮೆ ನೀರಿನ, ಮಣ್ಣಿನ ಲವಣಾಂಶ ಅಳೆಸಬೇಕು.

ಹುಲ್ಲು ಬರ್ಮುಡಾ, ಅಂದರೆ ನಮ್ಮ ಗರಿಕೆಯ ಸುಧಾರಿಸಿದ ಬಳಗ. ಜೂನ್–ಜುಲೈನಲ್ಲಿ ತುಂಡು ನೆಟ್ಟರೆ ಎರಡೂವರೆ, ಮೂರು ತಿಂಗಳಿಗೆ ಆಟಕ್ಕೆ ಬರುತ್ತದೆ, ಅಕ್ಟೋಬರ್‌ಗೆ ಸರಿಹೋಗುತ್ತದೆ. ಕತ್ತರಿಸುವ ಎತ್ತರ 25ರಿಂದ 30 ಮಿಲಿಮೀಟರ್. ಗರಿಕೆಗೆ ಬಿಸಿಲು ಇಷ್ಟ, ಚಳಿ ಆಗದು. ಡಿಸೆಂಬರ್–ಜನವರಿಯಲ್ಲಿ, ಅದರಲ್ಲೂ ಬೀದರ್‌ನ ಚಳಿಗೆ, ಅದು ಬೆಳೆಯುವುದು ನಿಧಾನ. ಲೀಗ್‌ನ ಪಂದ್ಯಗಳು ದಟ್ಟವಾಗಿರುವುದೂ ಆಗಲೇ. ಆ ಎರಡು ತಿಂಗಳು ಅಭ್ಯಾಸಕ್ಕೆ ಬೇರೆ ಗ್ರೌಂಡ್ ಇಲ್ಲದಿದ್ದರೆ ಪಂದ್ಯದ ಪಿಚ್ ಉಳಿಯುವುದಿಲ್ಲ.

ಕೃತಕ ಹುಲ್ಲು ಹಾಕಿದರೆ ನೀರಿನ ತಲೆನೋವು ಕಡಿಮೆ ಎನ್ನುವವರಿಗೆ ಎರಡು ಮಾತು. ಅದಕ್ಕೆ ಫಿಫಾ ಕ್ವಾಲಿಟಿ ಅಥವಾ ಕ್ವಾಲಿಟಿ ಪ್ರೊ ಪ್ರಮಾಣಪತ್ರ ಬೇಕು. ಪ್ರೊ ಒಂದೇ ವರ್ಷ ಚಾಲ್ತಿಯಲ್ಲಿರುತ್ತದೆ, ಕ್ವಾಲಿಟಿ ಮೂರು ವರ್ಷ. ಮರುಪರೀಕ್ಷೆಯ ಖರ್ಚು ಪ್ರತಿ ಸಲ ಕ್ಲಬ್ಬಿನದೇ. ಎರಡನೆಯದು ಬಿಸಿ. ಏಪ್ರಿಲ್–ಮೇನಲ್ಲಿ ಸರ್ಕಾರಿ ಕಚೇರಿಗಳ ವೇಳೆಯನ್ನೇ ಬೆಳಗಿಗೆ ಬದಲಾಯಿಸುವ ಊರು ನಮ್ಮದು. ಅಂಥ ಬಿಸಿಲಿಗೆ ಕಪ್ಪು ರಬ್ಬರ್ ಕಾಳು ತುಂಬಿದ ಹಾಸು 60 ಡಿಗ್ರಿ ದಾಟುತ್ತದೆ. ನೀರು ಚಿಮುಕಿಸಿದರೆ ಅರ್ಧ ಗಂಟೆ ಸಮಾಧಾನ.

ಬೆಳಕು

ಡಿಸೆಂಬರ್‌ನಲ್ಲಿ ಮೂರೂವರೆಗೆ ಕಿಕ್‌ಆಫ್ ಇಟ್ಟರೆ ಲೈಟ್ ಇಲ್ಲದೆ ಮುಗಿಸಬಹುದು. ಮಾರ್ಚ್ ಬಂತೆಂದರೆ ಆ ಹೊತ್ತಿನಲ್ಲಿ ಆಡಿಸುವುದು ಕ್ರೌರ್ಯ. ಫಿಫಾ ಬಿಸಿಲಿನ ವಿರಾಮ ಕೊಡಿಸುವ ಮಿತಿ 32 ಡಿಗ್ರಿ ಡಬ್ಲ್ಯೂಬಿಜಿಟಿ, ಅಂದರೆ ತೇವ, ಬಿಸಿಲು, ಗಾಳಿ ಎಲ್ಲ ಸೇರಿಸಿ ಅಳೆದ ಉಷ್ಣ. ಹೀಗಾಗಿ ನಮ್ಮ ಭಾಗದ ತಂಡಕ್ಕೆ ಫ್ಲಡ್‌ಲೈಟ್ ಅಂದರೆ ಟಿವಿ ಶೋಕಿಯಲ್ಲ.

ಫಿಫಾದ ಹಿಂದಿನ ತಾಂತ್ರಿಕ ಕೈಪಿಡಿಯಲ್ಲಿ ಅಭ್ಯಾಸಕ್ಕೆ 200 ಲಕ್ಸ್ (ಬೆಳಕಿನ ಅಳತೆ), ಲೀಗ್ ಮತ್ತು ಕ್ಲಬ್ ಪಂದ್ಯಕ್ಕೆ 500, ಟಿವಿ ಇಲ್ಲದ ರಾಷ್ಟ್ರೀಯ ಪಂದ್ಯಕ್ಕೆ 750 ಎಂಬ ಮೆಟ್ಟಿಲುಗಳಿವೆ. ಟಿವಿ ಬಂದರೆ ಕ್ಯಾಮೆರಾ ಕಡೆಗೆ ಬೀಳುವ ಲಂಬ ಬೆಳಕೇ 2,000 ಲಕ್ಸ್ ಆಗಬೇಕು. ಟೆಂಡರ್‌ನಲ್ಲಿ ಸರಾಸರಿ ಲಕ್ಸ್ ಮಾತ್ರ ಬರೆದು ಕೈತೊಳೆದುಕೊಂಡರೆ ಮೋಸ ಹೋಗುತ್ತೀರಿ. ಸಮತೆಯೂ ಬೇಕು. ಸರಾಸರಿ 800 ಇದ್ದು ಮೂಲೆಯಲ್ಲಿ 300 ಬಂದರೆ ಕನಿಷ್ಠಕ್ಕೂ ಸರಾಸರಿಗೂ ಅನುಪಾತ 0.38, ಕೈಪಿಡಿ ಕೇಳುವುದು 500 ಲಕ್ಸ್ ಮಟ್ಟದಲ್ಲೇ 0.6. ಕತ್ತಲಿನ ಪಟ್ಟೆಯಿಂದ ಬೆಳಕಿಗೆ ಬರುವ ಚೆಂಡು ಕೀಪರ್‌ಗೆ ಕಾಣುವುದು ತಡ. ಪಿಚ್‌ನ ಮೇಲೆ ಉದ್ದಕ್ಕೆ 12, ಅಗಲಕ್ಕೆ 8, ಹೀಗೆ 96 ಬಿಂದುಗಳಲ್ಲಿ ನೆಲದಿಂದ ಒಂದು ಮೀಟರ್ ಮೇಲೆ ಲಕ್ಸ್ ಮೀಟರ್ ಹಿಡಿದು ಓದಿ ಬರೆದುಕೊಳ್ಳಬೇಕು. ಕೊನೆಯ ಬಿಲ್ ಪಾಸ್ ಆಗುವ ಮುಂಚೆ.

ಕಂಬದ ಎತ್ತರಕ್ಕೂ ಸೂತ್ರ ಇದೆ: ಪಿಚ್‌ನ ನಡುವಿನಿಂದ ದೀಪದ ಕಡೆ ನೋಡಿದರೆ ಕನಿಷ್ಠ 25 ಡಿಗ್ರಿ ಕೋನ ಬರಬೇಕು. ನಡುವಿನಿಂದ ಕಂಬಕ್ಕೆ 80 ಮೀಟರ್ ಇದ್ದರೆ ಎತ್ತರ 37 ಮೀಟರ್. ವೃತ್ತಗಳಲ್ಲಿ ನಿಲ್ಲಿಸುವ ಹೈಮಾಸ್ಟ್ ತಂದು ನಾಲ್ಕು ಮೂಲೆಗೆ ನೆಟ್ಟರೆ ಲಕ್ಸ್ ಬಂದರೂ ದೀಪ ಕಣ್ಣಿಗೇ ಕುಕ್ಕುತ್ತದೆ. ಗೋಲ್‌ಲೈನ್‌ನ ನೇರಕ್ಕೆ, ಅದರ 15 ಡಿಗ್ರಿ ಆಚೀಚೆ ದೀಪ ಇಡಬಾರದು. ಎರೆ ಭೂಮಿಯಲ್ಲಿ ಅಷ್ಟೆತ್ತರದ ಕಂಬಕ್ಕೆ ಮೇಲುಮೇಲಿನ ಕಾಂಕ್ರೀಟ್ ಗುಂಡಿ ಸಾಲದು. ಮಣ್ಣು ಉಬ್ಬಿ ಕುಗ್ಗುವ ಪದರದ ಕೆಳಗೆ, ಗಟ್ಟಿ ಬಂಡೆಯವರೆಗೆ ಪೈಲ್ ಇಳಿಸಬೇಕು. ಇಲ್ಲವಾದರೆ ಎರಡು ವರ್ಷಕ್ಕೆ ಕಂಬ ಸ್ವಲ್ಪ ವಾಲಿದರೂ ದೀಪದ ಗುರಿ ತಪ್ಪುತ್ತದೆ.

ಧೂಳಿನ ಲೆಕ್ಕವನ್ನೂ ಸೇರಿಸಿ. ಬೇಸಿಗೆಯ ಗಾಳಿ, ಸುತ್ತಲಿನ ಸಿಮೆಂಟ್ ಕಾರ್ಖಾನೆಗಳು, ಎಲ್ಲ ಸೇರಿ ಗಾಜಿನ ಮೇಲೆ ಪೊರೆ ಕಟ್ಟುತ್ತದೆ. 500 ಬೇಕಿದ್ದರೆ ಹೊಸದರಲ್ಲಿ 625 ಬರುವಂತೆ ಮಾಡಿಸಿ. ಜೆಸ್ಕಾಂ ಕರೆಂಟ್ ಹೋದರೆ ಜನರೇಟರ್ ಹತ್ತು ಹದಿನೈದು ಸೆಕೆಂಡಿಗೆ ಬರುತ್ತದೆ, ಆದರೆ ಹಳೆಯ ಮೆಟಲ್ ಹ್ಯಾಲೈಡ್ ದೀಪ ತಣ್ಣಗಾಗಿ ಮತ್ತೆ ಹತ್ತಿಕೊಳ್ಳಲು ಹತ್ತು ನಿಮಿಷಕ್ಕೂ ಹೆಚ್ಚು. ಎಲ್‌ಇಡಿ ಕೂಡಲೇ ಹತ್ತುತ್ತದೆ. ಹೊಸದಾಗಿ ಹಾಕುವವರಿಗೆ ಇದರಲ್ಲಿ ಯೋಚಿಸುವುದೇ ಇಲ್ಲ.

ಜನ ಕೂರುವುದು, ಜನ ಹೊರಡುವುದು

60 ಮೀಟರ್ ಉದ್ದ, ಹತ್ತು ಮೆಟ್ಟಿಲಿನ ಗ್ಯಾಲರಿ ಅಂದರೆ ಎಷ್ಟು ಜನ? ಒಬ್ಬರಿಗೆ 40 ಸೆಂಟಿಮೀಟರ್ ಹಿಡಿದು 1,500 ಎಂದು ಕಾಗದದಲ್ಲಿ ಬರೆಯುವುದುಂಟು. ಸೀಟಿಗೆ 50 ಸೆಂಟಿಮೀಟರ್ ಕೊಟ್ಟು, ಎರಡೂ ಕಡೆ ದಾರಿ ಇರುವ ಸಾಲಿನಲ್ಲಿ 28 ಸೀಟು ಮೀರದಂತೆ 1.2 ಮೀಟರಿನ ಐದು ದಾರಿ ಬಿಟ್ಟರೆ ಸಾಲಿಗೆ 108, ಒಟ್ಟು 1,080. ಲೀಗ್ ಒಪ್ಪುವ ಸಂಖ್ಯೆ ಈ ಎರಡನೆಯದು. ಹಳೆಯ ಮೆಟ್ಟಿಲುಗಳ ಅಗಲ 60 ಸೆಂಟಿಮೀಟರ್ ಇದ್ದರೆ ಇನ್ನೊಂದು ತೊಡಕು: ಅದರ ಮೇಲೆ 40 ಸೆಂಟಿಮೀಟರಿನ ಕುರ್ಚಿ ಬೋಲ್ಟ್ ಮಾಡಿದರೆ ದಾಟಿ ಹೋಗಲು ಉಳಿಯುವುದು 20. ಬೇಕಾದ್ದು ಕನಿಷ್ಠ 40. ಮಡಚುವ ಕುರ್ಚಿ ಹಾಕಬೇಕು, ಇಲ್ಲವೇ ಸಾಲು ಕಡಿಮೆ ಮಾಡಬೇಕು.

ಹೊರಹೋಗುವ ಲೆಕ್ಕವನ್ನು ಬ್ರಿಟನ್ನಿನ ಸುರಕ್ಷತಾ ಕೈಪಿಡಿ ಸ್ಪಷ್ಟವಾಗಿ ಕೊಡುತ್ತದೆ. ಸಮನೆಲದಲ್ಲಿ ಒಂದು ಮೀಟರ್ ಅಗಲದ ದಾರಿಯಲ್ಲಿ ನಿಮಿಷಕ್ಕೆ 82 ಜನ, ಮೆಟ್ಟಿಲಿನಲ್ಲಿ 66. ಎಂಟು ನಿಮಿಷದಲ್ಲಿ 5,000 ಜನ ಖಾಲಿಯಾಗಬೇಕಾದರೆ ಸಮನೆಲದಲ್ಲೇ ಒಟ್ಟು 7.6 ಮೀಟರ್ ಬಾಗಿಲು ಬೇಕು. ನಾಲ್ಕು ಗೇಟಿದ್ದು ಅದರಲ್ಲೊಂದು ಯಾವುದೋ ಕಾರಣಕ್ಕೆ ಮುಚ್ಚಿಹೋಯಿತು ಎಂದು ಹಿಡಿದರೆ ಉಳಿದ ಮೂರೂ ತಲಾ 2.6 ಮೀಟರ್ ಇರಬೇಕು. ನಮ್ಮಲ್ಲಿ ಗೇಟು ಅಗಲವಾಗಿಯೇ ಇರುತ್ತದೆ. ಪಾಸ್ ನೋಡಿ ಬಿಡಲೆಂದು ಒಂದು ರೆಕ್ಕೆಗೆ ಸರಪಳಿ ಬಿಗಿದು, ಇನ್ನೊಂದನ್ನು ಅರ್ಧ ತೆರೆದಿಟ್ಟಿರುತ್ತಾರೆ ಅಷ್ಟೆ. ಬಾಗಿಲು ಒಳಕ್ಕೆ ತೆರೆಯುವಂತಿದ್ದರೆ ಜನರ ಒತ್ತಡಕ್ಕೆ ತೆರೆಯುವುದೇ ಇಲ್ಲ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ ನೂಕುನುಗ್ಗಲಿಗೆ 11 ಜನ ಸತ್ತರು. ಒಳಗಿನ ಸೀಟಿನ ಸಂಖ್ಯೆ ಹೊರಗೆ ಸೇರಿದ ಜನಕ್ಕೆ ಯಾವ ರಕ್ಷಣೆಯನ್ನೂ ಕೊಡಲಿಲ್ಲ.

ಶೌಚಾಲಯಕ್ಕೆ ಯುರೋಪಿನ ಒಕ್ಕೂಟ ಬಳಸಿದ ಪ್ರಮಾಣ ಆರಂಭಕ್ಕೆ ಅನುಕೂಲ: 250 ಗಂಡಸರಿಗೆ ಒಂದು ಕಮೋಡ್, 125ಕ್ಕೆ ಒಂದು ಮೂತ್ರಿ, 125 ಹೆಂಗಸರಿಗೆ ಒಂದು ಕಮೋಡ್. ನೂರಕ್ಕೆ 20 ಹೆಂಗಸರು ಎಂದು ಅವರ ಲೆಕ್ಕ. ಹೆಂಗಸರೂ ಬರಲಿ ಎಂಬ ಆಸೆ ಇದ್ದರೆ ಆ ಪಾಲನ್ನು ಈಗಲೇ ಹೆಚ್ಚಿಸಿ ಕಟ್ಟಿ.

ಕೋಣೆಗಳು

ಎರಡು ಡ್ರೆಸಿಂಗ್ ರೂಮ್, ಎರಡೂ ಸಮ. ತವರಿನವರಿಗೆ ದೊಡ್ಡದು, ಬಂದವರಿಗೆ ಗೋದಾಮು ಎಂದಾಗಬಾರದು. 25 ಜನಕ್ಕೆ ಆಸನ, ಐದು ಶವರ್, ಮೂರು ಕಮೋಡ್, ಮಸಾಜ್ ಟೇಬಲ್, ಬೋರ್ಡ್. ಇಲ್ಲಿ ನಮ್ಮ ಶಹಾಬಾದ್ ಕಲ್ಲಿನ ಬಗ್ಗೆ ಎಚ್ಚರ. ಪಾಲಿಶ್ ಮಾಡಿದ ಫರಸಿ ಮೇಲೆ ನೀರು ಬಿದ್ದಾಗ ಬೂಟಿನ ಸ್ಟಡ್ ನಿಲ್ಲುವುದೇ ಇಲ್ಲ. ಶವರ್‌ನಿಂದ ಪಿಚ್‌ವರೆಗೆ ಪಾಲಿಶ್ ಇಲ್ಲದ ಒರಟು ಕಲ್ಲು ಇರಲಿ, ಅಥವಾ ಪೂರ್ತಿ ದಾರಿಗೆ ರಬ್ಬರ್ ಮ್ಯಾಟ್ ಹಾಸಿ. ಈ ದಾರಿ ಪ್ರೇಕ್ಷಕರ ದಾರಿಗೆ ಎಲ್ಲಿಯೂ ಕೂಡಬಾರದು.

ರೆಫರಿ ಕೋಣೆ ತಂಡಗಳಿಂದ ದೂರ, ಮಹಿಳಾ ರೆಫರಿಗೆ ಪ್ರತ್ಯೇಕ. ಡೋಪಿಂಗ್ ಪರೀಕ್ಷೆಗೆ ಕಾಯುವ ಜಾಗ, ಮೇಜು, ಕೂಡಿಕೊಂಡೇ ಇರುವ ಶೌಚಾಲಯ. ವೈದ್ಯಕೀಯ ಕೋಣೆಯ ಬಾಗಿಲು ಸ್ಟ್ರೆಚರ್ ತಿರುಗಿಸುವಷ್ಟು ಅಗಲ. ಆಂಬುಲೆನ್ಸ್ ಪಿಚ್‌ನ ಅಂಚಿಗೆ ಬರುವ ದಾರಿಯಲ್ಲಿ ಚರಂಡಿ ಮುಚ್ಚಿದ ಸ್ಲ್ಯಾಬ್ ಇದ್ದರೆ ಅದು ಗಾಡಿಯ ಭಾರ ತಡೆಯುವುದೇ ಎಂದು ಖಾಲಿ ಗಾಡಿ ಓಡಿಸಿ ನೋಡಿ. ಕಮಾನಿನ ಎತ್ತರದಲ್ಲಿ ಅಗ್ನಿಶಾಮಕ ವಾಹನ ದಾಟುತ್ತದೆಯೇ ಎಂದೂ ಅಳೆಯಿರಿ. ಮಾಧ್ಯಮ, ಕ್ಯಾಮೆರಾ ವೇದಿಕೆ ಎಲ್ಲ ಪಶ್ಚಿಮದ ಗ್ಯಾಲರಿಯಲ್ಲಿ, ಮಧ್ಯಗೆರೆಯ ನೇರಕ್ಕೆ. ಸಂಜೆ ಸೂರ್ಯ ಬೆನ್ನ ಹಿಂದಿರುತ್ತಾನೆ. ಪಿಚ್ ಉತ್ತರ–ದಕ್ಷಿಣವಾಗಿದ್ದರೆ ಇದು ತಾನಾಗಿಯೇ ಹೊಂದುತ್ತದೆ.

ಕರಾರು

ಜಿಲ್ಲಾ ಕ್ರೀಡಾಂಗಣ ಕ್ಲಬ್ಬಿನದಲ್ಲ, ಕ್ರೀಡಾ ಇಲಾಖೆಯದು. ಇಡೀ ಸೀಸನ್‌ಗೆ ಎಲ್ಲ ತವರು ಪಂದ್ಯಕ್ಕೂ ಗ್ರೌಂಡ್ ಸಿಗುತ್ತದೆ ಎಂಬ ಲಿಖಿತ ಒಪ್ಪಂದ ಇಲ್ಲದೆ ಲೈಸೆನ್ಸ್ ಅರ್ಜಿ ಮುಂದೆ ಹೋಗುವುದಿಲ್ಲ. ‘ಅನುಮತಿ ನೀಡಲಾಗಿದೆ’ ಎಂಬ ಒಂದು ಸಾಲಿನ ಪತ್ರ ಸಾಲದು. ಪಂದ್ಯದ ಹಿಂದಿನ ದಿನದ ಅಭ್ಯಾಸ, ಲೈಟಿನ ಬಿಲ್ ಯಾರದು, ಹುಲ್ಲು ಕತ್ತರಿಸುವ ಯಂತ್ರ ಯಾರ ಹೊಣೆ, ಬೆಳಗಿನ ವಾಕಿಂಗ್‌ನವರಿಗೆ ಟ್ರ್ಯಾಕ್ ಮಾತ್ರವೋ ಹುಲ್ಲೂ ಸೇರಿಯೋ, ಎಲ್ಲ ಬರೆದಿರಬೇಕು. ಹಣ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯಿಂದ ಬಂದರೂ ಅದು ಕಟ್ಟಲು ಬರುವ ಹಣ. ದಿನವೂ ನೀರು ಹಾಯಿಸುವವನ ಸಂಬಳ ಬೇರೆ ಲೆಕ್ಕಶೀರ್ಷಿಕೆಯಿಂದ ಬರಬೇಕು, ಅದು ಯಾವುದೆಂದು ಒಪ್ಪಂದದಲ್ಲೇ ಇರಲಿ.

ನವೆಂಬರ್ 1 ಮತ್ತು ಜನವರಿ 26, ಎರಡೂ ಲೀಗ್ ನಡೆಯುವ ತಿಂಗಳುಗಳಲ್ಲೇ ಬರುತ್ತವೆ. ಪಥಸಂಚಲನ, ವೇದಿಕೆ, ಶಾಮಿಯಾನ ಬೇಡ ಎನ್ನಲಾಗದು. ವೇದಿಕೆ ಟ್ರ್ಯಾಕಿನ ಹೊರಗೆ, ಶಾಮಿಯಾನದ ಗೂಟ ಹುಲ್ಲಿನ ಮೇಲೆ ಒಂದೂ ಇಲ್ಲ, ಲಾರಿ ಒಳಗೆ ಬರುವುದಿದ್ದರೆ ಪ್ಲೈವುಡ್ ಹಾಸಿದ ದಾರಿಯಲ್ಲೇ ಎಂದು ಷರತ್ತು ಹಾಕಿ. ಆದರೂ ಗೂಟ ಬೀಳುತ್ತವೆ. ಮೊಣಕಾಲುದ್ದದ ಆ ತೂತುಗಳನ್ನು ಕೈಗೆ ಸಿಕ್ಕ ಎರೆ ಮಣ್ಣಿನಿಂದ ತುಂಬಿದರೆ ಮರಳಿನ ಪಿಚ್‌ನಲ್ಲಿ ಅಷ್ಟಷ್ಟು ಜಾಗ ನೀರು ಇಳಿಯದ ಬಿರಡೆಯಾಗಿ ಕೂರುತ್ತದೆ. ಬೇರುಪದರಕ್ಕೆ ಹಾಕಿದ್ದ ಅದೇ ಮರಳನ್ನು ಎರಡು ಬ್ರಾಸ್ ಗೋದಾಮಿನಲ್ಲಿ ಮುಚ್ಚಿಡಿಸಿ, ಕಾರ್ಯಕ್ರಮ ಮುಗಿದ ಸಂಜೆಯೇ ತುಂಬಿಸಿ.